ನೋಡುತ್ತಾ ನಿಂತ ಚಕ್ರ

ದನದ ಡಾಕ್ಟರಮ್ಮನ ಕೋಟಿಗೆ ಬಲತೋಳು ಇರಲಿಲ್ಲ. ಹರಿದುಹೋದದ್ದಲ್ಲ, ಹೊಚ್ಚ ಹೊಸ ಕೋಟನ್ನು ದರ್ಜಿಯ ಮೇಜಿನ ಮೇಲೆ ಹರಡಿ, ಭುಜದ ಹೊಲಿಗೆಯ ಗುಂಟ ಕತ್ತರಿಸಲು ಹೇಳಿ, ಅವನು ಹಿಂದೆಮುಂದೆ ನೋಡಿದಾಗ ಕತ್ತರಿಯನ್ನು ತಾವೇ ಇಸಿದುಕೊಂಡು ಮುಗಿಸಿದ ಏರ್ಪಾಡು ಅದು. ಹಸುವಿನ ಗರ್ಭದೊಳಗೆ ಭುಜದವರೆಗೆ ಕೈ ಇಳಿಸಬೇಕಾದವರಿಗೆ ಬಲತೋಳು ಅಡಚಣೆಯೇ ಹೊರತು ಉಡುಪಲ್ಲ ಎಂಬುದು ಅವರ ವಾದ. ಎಡತೋಳು ಮಾತ್ರ ಗುಂಡಿ ಸಮೇತ ಮಣಿಕಟ್ಟಿನವರೆಗೆ ಗಂಭೀರವಾಗಿ ಇಳಿದಿರುತ್ತಿತ್ತು. ಹೀಗಾಗಿ ಎಡಗಡೆಯಿಂದ ನೋಡಿದವರಿಗೆ ಅವರು ದೊಡ್ಡ ಆಸ್ಪತ್ರೆಯ ತಜ್ಞೆಯಂತೆಯೂ ಬಲಗಡೆಯಿಂದ ನೋಡಿದವರಿಗೆ ಕುಸ್ತಿಗೆ ಹೊರಟವರಂತೆಯೂ ಕಾಣುತ್ತಿದ್ದರು. ಎರಡೂ ಅಷ್ಟೇನೂ ತಪ್ಪಾಗಿರಲಿಲ್ಲ.

ಇಷ್ಟು ವರ್ಷದ ಆ ದುಡಿಮೆಯಿಂದ ಅವರ ಬಲಭುಜ ಎಡಭುಜಕ್ಕಿಂತ ತುಸು ತಗ್ಗಿತ್ತು. ಬಲಗೈಯಲ್ಲಿ ಯಾರಿಗೂ ಕಾಣದ ಒಂದು ಬಕೆಟ್ ನೀರು ಹಿಡಿದು, ಅದು ತುಳುಕದಂತೆ ನಡೆಯುತ್ತಿದ್ದಾರೇನೋ ಎಂಬಂಥ ನಡಿಗೆ. ಮನುಷ್ಯರನ್ನೂ ಅವರು ಪ್ರಾಣಿಗಳನ್ನು ಸಮಾಧಾನಪಡಿಸುವ ಧಾಟಿಯಲ್ಲೇ ಮಾತನಾಡಿಸುತ್ತಿದ್ದರು. ಜಗಳಕ್ಕೆ ಬಂದವನ ಬೆನ್ನ ಮೇಲೆ ಕೈಯಿಟ್ಟು "ಆಯ್ತು, ಆಯ್ತು, ನಿಂತ್ಕೋ" ಎನ್ನುವರು. ಅವನು ತಾನೇಕೆ ನಿಂತೆನೆಂದು ತಿಳಿಯದೆ ನಿಂತುಬಿಡುವನು.

ಆದರೆ ಅವರ ನಿಜವಾದ ಮುದ್ರೆ ಬೇರೆ ಎರಡು ಪದಗಳಲ್ಲಿತ್ತು: "ಎಲ್ಲಿ, ತೋರಿಸಿ." ಯಾರು ಏನೇ ವರ್ಣಿಸಲಿ, ಎಷ್ಟೇ ಕಣ್ಣೀರಿಡಲಿ, ಡಾಕ್ಟರಮ್ಮ ಕಿವಿಯಿಂದ ನಂಬುತ್ತಿರಲಿಲ್ಲ. ಒಮ್ಮೆ ಹಾಲು ಮಾರುವವನೊಬ್ಬ ಓಡಿಬಂದು, ಹಸು ಮೇವು ಮುಟ್ಟುತ್ತಿಲ್ಲ, ಅದರ ಕಥೆ ಮುಗಿಯಿತು ಎಂದು ಗೋಳಾಡಿದ. ತೋರಿಸಲೆಂದು ಕೊಟ್ಟಿಗೆಗೆ ಕರೆದೊಯ್ದು ಹಸುವಿನ ಪಕ್ಕ ನಿಂತು ಮತ್ತೆ ಅದೇ ಗೋಳನ್ನು ಮೊದಲಿನಿಂದ ಹೇಳುತ್ತಿದ್ದಾಗ, ಹಸು ಅವನ ಟೋಪಿಯನ್ನು ಕಿತ್ತು ನೆಮ್ಮದಿಯಿಂದ ಮೆಲ್ಲತೊಡಗಿತು. ಬೇರೆಯವರಾಗಿದ್ದರೆ ನಕ್ಕು ಹಿಂದಿರುಗುತ್ತಿದ್ದರು. ಡಾಕ್ಟರಮ್ಮ ಹಸುವನ್ನು ಬಾಯಿಂದ ಬಾಲದವರೆಗೆ ಪರೀಕ್ಷಿಸಿ, ಮೇವು ಬಿಟ್ಟು ಟೋಪಿ ತಿನ್ನುವುದು ಲವಣಾಂಶದ ಕೊರತೆಯ ಲಕ್ಷಣವೆಂದು ಔಷಧ ಬರೆದುಕೊಟ್ಟರು. ನಕ್ಕದ್ದು ಗಾಡಿ ಹತ್ತಿದ ಮೇಲೆ, ಹೊಟ್ಟೆ ಹಿಡಿದುಕೊಂಡು.

ಗಾಡಿಯ ಹೆಸರು ಕೋಣ. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಹೋಗುವ, ಎತ್ತರದ, ಬಣ್ಣ ಮಾಸಿದ ಹಳೆಯ ಜೀಪು. ಹಿಂದಿನ ಸೀಟು ಕಿತ್ತು ಅಲ್ಲಿ ಔಷಧದ ಪೆಟ್ಟಿಗೆ, ಹಗ್ಗ, ಕರು ಎಳೆಯುವ ಸರಪಳಿ, ಕೆಲವೊಮ್ಮೆ ಕರುವನ್ನೇ ತುಂಬಿರುತ್ತಿದ್ದರು. ಹತ್ತುವಾಗಲೂ ಇಳಿದಾಗಲೂ ಅದರ ಬಾನೆಟ್ಟಿಗೆ ಒಂದು ತಟ್ಟು ತಟ್ಟದೆ ಬಿಟ್ಟವರಲ್ಲ. ಕೋಣನ ಕಾಯಿಲೆಗಳಿಗೆಲ್ಲ ವೈದ್ಯ ಅವರ ತಮ್ಮ. ಊರಂಚಿನಲ್ಲಿ ಟಯರ್ ಅಂಗಡಿಗೂ ಮರ ಕೊಯ್ಯುವ ಮಿಲ್ಲಿಗೂ ನಡುವೆ ಅವನ ಗ್ಯಾರೇಜು. ಜನ ಅವನನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು. ಗಾಡಿಯ ಹೊಟ್ಟೆಯೊಳಗಿನ ಹಲ್ಲುಚಕ್ರಗಳ ವಿಷಯದಲ್ಲಿ ಅವನ ಮಾತಿಗೆ ಸುತ್ತಮುತ್ತ ತೂಕವಿತ್ತು. ಅಕ್ಕನ ಮುಂದೆ ಮಾತ್ರ ಅವನಿನ್ನೂ ಮೂಗೊರೆಸಿಕೊಳ್ಳಲು ಬಾರದ ಹುಡುಗ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿ ಇಳಿದರು. ಬಾನೆಟ್ಟು ತಟ್ಟಲಿಲ್ಲ, ಚಹಾ ಕೇಳಲಿಲ್ಲ. ಮೇಸ್ತ್ರಿ ಕೈಯೊರೆಸಿಕೊಳ್ಳುತ್ತಾ ಬಂದಾಗ ಅವರು ಹಿಂದಿನ ಚಕ್ರಗಳನ್ನೇ ನೋಡುತ್ತಿದ್ದರು.

"ಒಂದು ಚಕ್ರ ಹುಚ್ಚು ಹಿಡಿದ ಹಾಗೆ ತಿರುಗ್ತಿತ್ತು. ಇನ್ನೊಂದು ನೋಡ್ತಾ ನಿಂತಿತ್ತು. ಯಾಕೋ?"

ವಿಷಯವನ್ನು ಅವನು ಬಿಡಿಬಿಡಿಯಾಗಿ ಕೇಳಿ ತಿಳಿಯಬೇಕಾಯಿತು. ಬೆಟ್ಟದ ಮೇಲಿನ ಬಯಲಿನಲ್ಲಿ ಹೇರುಕುದುರೆ ಸಾಕಿಕೊಂಡಿದ್ದ ಒಬ್ಬ ಮುದುಕಿಯಿದ್ದಳು. ಎಲ್ಲರಿಗೂ ಅವಳು ಕುದುರೆ ಅಜ್ಜಿ. ಅವಳ ಕಂದು ಬಣ್ಣದ ಹೆಣ್ಣುಕುದುರೆ ಮರಿ ಹಾಕಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂದಿತ್ತು. ದಾರಿಯ ನಡುವೆ ಬಂಡೆಗಳ ಒಂದು ತೊರೆ. ನೀರು ಮೊಣಕಾಲಿಗೂ ಬಾರದು, ಆದರೆ ಅದರಿಂದ ಏರುವ ತಿರುವಿನಲ್ಲಿ ಗಾಡಿ ಅಡ್ಡಡ್ಡ ವಾಲಿ ಹಿಂದಿನ ಒಂದು ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಅಂದು ಎದ್ದ ಚಕ್ರ ಗಾಳಿಯಲ್ಲಿ ಗಿರಗಿರನೆ ತಿರುಗಿತು. ಬಂಡೆಯ ಮೇಲೆ ಗಟ್ಟಿಯಾಗಿ ಕೂತಿದ್ದ ಇನ್ನೊಂದು ಅಲುಗಲಿಲ್ಲ. ಮುಂದಿನ ಎರಡರ ಕಥೆಯೂ ಅದೇ. ಒಂದು ಪಾಚಿಯ ಮೇಲೆ ಜಾರುತ್ತಿತ್ತು, ಇನ್ನೊಂದು ಸುಮ್ಮನಿತ್ತು. ಕಲ್ಲು ತುರುಕಿದರು, ಹಗ್ಗ ಹಾಕಿದರು, ಕೊನೆಗೆ ಪೆಟ್ಟಿಗೆ ಹೊತ್ತು ಏರು ಹತ್ತಿ ನಡೆದರು. ತಲುಪುವ ಹೊತ್ತಿಗೆ ತಾಯಿಯನ್ನು ಉಳಿಸಿಕೊಳ್ಳುವಷ್ಟು ಸಮಯವಿತ್ತು, ಮರಿಯನ್ನಲ್ಲ.

ಕುದುರೆ ಅಜ್ಜಿ ಬೈಯಲಿಲ್ಲ. ಬಿಸಿನೀರು ಕಾಯಿಸಿ ಕೈತೊಳೆಯಲು ಹಾಕುತ್ತಾ, "ಪಾಪ, ಅಷ್ಟು ದೂರ ನಡ್ಕೊಂಡೇ ಬಂದ್ರಲ್ಲ" ಎಂದಳು. ಬೈದಿದ್ದರೆ ಡಾಕ್ಟರಮ್ಮನಿಗೆ ಉತ್ತರ ಕೊಡಲು ಬರುತ್ತಿತ್ತು. ಈ ಉಪಚಾರದ ಮಾತು ಕೇಳಿ ಅವರು ತೊಳೆದ ಕೈಯನ್ನೇ ಮತ್ತೆ ತೊಳೆದರು. ತಮ್ಮನಿಗೆ ಇದನ್ನು ಹೇಳುವಾಗಲೂ ಮರಿಯ ವಿಷಯವನ್ನು ಒಂದೇ ವಾಕ್ಯದಲ್ಲಿ ದಾಟಿಸಿ, ಮತ್ತೆ ಚಕ್ರಕ್ಕೆ ಬಂದರು: ಯಾಕೋ?

ಮೇಸ್ತ್ರಿ ವಿವರಿಸಲು ಬಾಯಿ ತೆರೆದ. ಉತ್ತರ ಗೊತ್ತೇ ಇತ್ತು: ಎಲ್ಲಿ, ತೋರಿಸು. ಅವನು ಕೋಣನ ಹಿಂಭಾಗವನ್ನು ಜ್ಯಾಕಿನ ಮೇಲೆ ಎತ್ತಿ, ಗಾಡಿಯನ್ನು ಗೇರಿನಲ್ಲಿಟ್ಟು, ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಲು ಹೇಳಿದ. ಅವರು ತಿರುಗಿಸಿದರು, ಆಚೆಯ ಚಕ್ರ ತನ್ನಷ್ಟಕ್ಕೆ ಹಿಂದಕ್ಕೆ ತಿರುಗಿತು. ಡಾಕ್ಟರಮ್ಮನ ಮುಖದಲ್ಲಿ ಅಂದು ಮೊದಲ ಬಾರಿಗೆ ಬೆಳಕು ಬಂತು. ಮತ್ತೆ ಮತ್ತೆ ತಿರುಗಿಸಿದರು. ಎರಡು ಚಕ್ರಗಳ ನಡುವಿನ ಗುಂಡನೆಯ ಗೂಡಿನಲ್ಲಿ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಕೂಟವಿದೆ ಎಂದು ಅವನು ಹೇಳಿದ. ಗಾಡಿ ತಿರುವು ತೆಗೆದುಕೊಳ್ಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಇಬ್ಬರಿಗೂ ಅವರವರ ವೇಗ ಬಿಟ್ಟುಕೊಡುವುದೇ ಅದರ ಕೆಲಸ. ಒಳ್ಳೆಯ ರಸ್ತೆಯಲ್ಲಿ ಇದು ಸೌಜನ್ಯ. ಆದರೆ ಒಂದು ಚಕ್ರ ನೆಲ ಬಿಟ್ಟಿತೆಂದರೆ, ಅದೇ ಸೌಜನ್ಯದಿಂದಾಗಿ ಓಟವೆಲ್ಲ ಸುಲಭವಾಗಿ ತಿರುಗುವವನ ಪಾಲಾಗುತ್ತದೆ. ನೆಲದಲ್ಲಿ ನಿಂತವನಿಗೆ ಒಂದು ಹೆಜ್ಜೆ ಇಡುವಷ್ಟು ಬಲವೂ ಸಿಗುವುದಿಲ್ಲ.

ಅಷ್ಟರಲ್ಲಿ ಚಹಾ ತಂದಿದ್ದ ಮೇಸ್ತ್ರಿಯ ಹೆಂಡತಿ ಇದನ್ನೆಲ್ಲ ಕಂಬಕ್ಕೊರಗಿ ಕೇಳಿಸಿಕೊಂಡಳು. "ನಮ್ಮನೇಲೂ ಇದೇ ಅತ್ತಿಗೆ," ಎಂದಳು ಲೋಟ ಕೊಡುತ್ತಾ. "ನಾನೊಬ್ಬಳು ತಿರುಗ್ತಾ ಇರ್ತೀನಿ, ಇವರು ನೋಡ್ತಾ ನಿಂತಿರ್ತಾರೆ. ಇದಕ್ಕೇನಾದ್ರೂ ಹಾಕೋಕಾಗುತ್ತಾ ಅಂತ ಕೇಳಿ."

ಹಾಕಲು ಆಗುತ್ತಿತ್ತು. ಅದಕ್ಕೆ ಲಾಕರ್ ಎನ್ನುತ್ತಾರೆ: ಬೇಕಾದಾಗ ಎರಡು ಚಕ್ರಗಳನ್ನೂ ಒಂದೇ ದಿಂಡಿಗೆ ಬಿಗಿದಂತೆ ಒಟ್ಟಿಗೆ ತಿರುಗಿಸುವ ಬೀಗ. ಆದರೆ ಬೀಗದಲ್ಲೂ ಬಗೆಗಳಿದ್ದವು; ಅಕ್ಕತಮ್ಮಂದಿರ ನಡುವೆ ಒಂದು ಋತುವಿಡೀ ನಡೆದ ವಾಗ್ಯುದ್ಧಕ್ಕೆ ಅವೇ ಸಾಮಗ್ರಿ.

ಮೇಸ್ತ್ರಿಯ ಒಲವು ತಾನಾಗಿ ಬೀಳುವ ಬೀಗದ ಕಡೆಗಿತ್ತು. ಸ್ವಿಚ್ಚಿಲ್ಲ, ಗಾಳಿಯಿಲ್ಲ, ತಂತಿಯಿಲ್ಲ. ಆಕ್ಸಿಲರೇಟರ್ ಒತ್ತಿದರೆ ಬಿಗಿದುಕೊಳ್ಳುತ್ತದೆ, ತಿರುವಿನಲ್ಲಿ ತಾನೇ ಸಡಿಲಿಸುತ್ತದೆ. ಅವನ ಮನಸ್ಸಿನಲ್ಲಿದ್ದ ನಿಜವಾದ ಕಾರಣ ಬೇರೆ: ಕಿವಿಗೆ ಸಿಕ್ಕಿಸಿದ ಪೆನ್ನನ್ನು ಮನೆಯೆಲ್ಲ ಹುಡುಕುವ ಅಕ್ಕ, ಸ್ವಿಚ್ಚು ಒತ್ತಿ ಮರೆತು, ಟಾರು ರಸ್ತೆಯಲ್ಲಿ ಹಾಗೆಯೇ ತಿರುಗಿಸಿ ಚಕ್ರ ತಿರುಗಿಸುವ ಆಕ್ಸಲ್ ದಿಂಡನ್ನೇ ಮುರಿದುಕೊಳ್ಳುತ್ತಾಳೆ ಎಂಬ ಭಯ. ಇದನ್ನು ಅವನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಡಾಕ್ಟರಮ್ಮ ತೋರಿಸು ಎಂದರು. ಮರದ ಮಿಲ್ಲಿನವನ ಜೀಪಿನಲ್ಲಿ ಅಂಥದ್ದೊಂದಿತ್ತು. ಅದರಲ್ಲಿ ಒಂದು ಸುತ್ತು ಹೋಗಿಬಂದರು. ಪ್ರತಿ ತಿರುವಿನಲ್ಲೂ ಕೆಳಗಿನಿಂದ ಕಟಕಟ ಸದ್ದು. ಒದ್ದೆ ರಸ್ತೆಯಲ್ಲಿ ಹಿಂಭಾಗ ಒಮ್ಮೆ ಪಕ್ಕಕ್ಕೆ ಸರಿದು ಮತ್ತೆ ಸರಿಹೋಯಿತು. ಇಳಿದವರೇ ತೀರ್ಪು ಕೊಟ್ಟರು: ಹಿಂದೆ ಹೊಲಿಗೆ ಹಾಕಿದ ಕರು ಮಲಗಿರುತ್ತದೆ, ಹೀಗೆ ಒದೆಯುವ ಗಾಡಿ ಬೇಡ.

"ಮತ್ತೆ, ನನ್ನನ್ನ ಒಂದು ಮಾತು ಕೇಳದೆ ಅದೇ ಬೀಗ ಹಾಕ್ಕೊಳ್ಳೋದು, ಅದೇ ತೆಗೆಯೋದು ಅಂದ್ರೆ ಏನೋ? ಗಾಡಿ ಓಡಿಸ್ತಿರೋಳು ನಾನು."

ಜಾರುವಿಕೆಯನ್ನು ತುಸು ತಡೆಯುವ, ಒಳಗೆ ಪದರಪದರವಾಗಿ ಬಿಲ್ಲೆಗಳಿರುವ ಇನ್ನೊಂದು ಬಗೆಯಿತ್ತು. ಅದು ಮಳೆಗಾಲದ ಕೆಸರಿಗೆ ಸಾಕು, ಚಕ್ರ ಪೂರಾ ಗಾಳಿಯಲ್ಲಿದ್ದರೆ ಅಷ್ಟಾಗಿ ನೆರವಾಗದು ಎಂದು ಮೇಸ್ತ್ರಿಯೇ ತಳ್ಳಿಹಾಕಿದ. ಉಳಿದದ್ದು ಎರಡು: ಸ್ವಿಚ್ಚು ಒತ್ತಿದರೆ ಅಯಸ್ಕಾಂತದ ಬಲದಿಂದ ಬೀಳುವ ಬೀಗ, ಇಲ್ಲವೇ ಗಾಳಿಯ ಒತ್ತಡದಿಂದ ಬೀಳುವ ಬೀಗ. ಮೊದಲನೆಯದು ಸರಳ, ಒಂದೆರಡು ತಂತಿ ಎಳೆದರಾಯಿತು. ಎರಡನೆಯದಕ್ಕೆ ಬಾನೆಟ್ಟಿನಡಿ ಒಂದು ಪುಟ್ಟ ಕಂಪ್ರೆಸರು, ಅಲ್ಲಿಂದ ಆಕ್ಸಲಿನವರೆಗೆ ಗಾಳಿಯ ಕೊಳವೆ, ಎಲ್ಲಾದರೂ ಸೋರಿದರೆ ತಲೆನೋವು. ಮೇಸ್ತ್ರಿ ತಂತಿಯ ಪರವಾಗಿ ಇನ್ನೇನು ಗೆದ್ದೇಬಿಟ್ಟೆ ಎಂದುಕೊಂಡಾಗ, ಆ ಕಂಪ್ರೆಸರಿನಿಂದ ಟಯರಿಗೂ ಗಾಳಿ ತುಂಬಬಹುದು ಎಂದು ಪ್ರಾಮಾಣಿಕತೆಗಾಗಿ ಒಂದು ಮಾತು ಸೇರಿಸಿದ. ಅಲ್ಲಿಗೆ ಅವನು ಸೋತ. ಬಂಡೆಯ ದಾರಿಯಲ್ಲಿ ಟಯರಿನ ಗಾಳಿ ಇಳಿಸಿದರೆ ಹಿಡಿತ ಹೆಚ್ಚೆಂದು ಡಾಕ್ಟರಮ್ಮನಿಗೆ ಗೊತ್ತಿತ್ತು. ಇಳಿಸಿದ್ದನ್ನು ಮತ್ತೆ ಕಾಲುಪಂಪಿನಲ್ಲಿ ಒತ್ತಿ ಒತ್ತಿ ತುಂಬುವುದರಲ್ಲಿ ಅವರ ಸೊಂಟ ಬಿದ್ದುಹೋಗಿತ್ತು. ಗಾಳಿಯದೇ ಆಗಲಿ ಎಂದರು. ಮುಂದಿನ ಆಕ್ಸಲಿಗೂ ಒಂದು ಇರಲೆಂದು ಆಸೆಪಟ್ಟರು. ಏರಿನಲ್ಲಿ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಮುಂದೆ ಬೀಗ ಬಿದ್ದರೆ ಸ್ಟೀರಿಂಗ್ ಕಲ್ಲಾಗುತ್ತದೆ, ಸದ್ಯಕ್ಕೆ ಹಿಂದೆ ಸಾಕು ಎಂದು ಇದೊಂದರಲ್ಲಿ ಮೇಸ್ತ್ರಿ ಪಟ್ಟು ಹಿಡಿದ. ಅಕ್ಕ ಒಪ್ಪಿದ್ದಕ್ಕೆ ಅವನಿಗೇ ಆಶ್ಚರ್ಯ.

ಈ ಚರ್ಚೆಯ ನಡುವೆಯೇ ಒಂದು ದಿನ ಕುದುರೆ ಅಜ್ಜಿ ಪೇಟೆಗೆ ಬಂದವಳು ಗ್ಯಾರೇಜಿನಲ್ಲೂ ಇಣುಕಿ, ಕಂದು ಕುದುರೆ ಮತ್ತೆ ಗಬ್ಬವಾಗಿದೆ ಎಂದು ಸುದ್ದಿ ಹೇಳಿ ಹೋದಳು. ಅವಳು ಏನನ್ನೂ ಕೇಳಲಿಲ್ಲ. ಡಾಕ್ಟರಮ್ಮ ಅಂದಿನಿಂದ ವಾದ ಮಾಡುವುದನ್ನು ನಿಲ್ಲಿಸಿ, ಸಾಮಾನು ಎಂದು ಬರುತ್ತದೆ ಎಂದು ಮಾತ್ರ ವಿಚಾರಿಸತೊಡಗಿದರು. ಮೇಸ್ತ್ರಿಗೆ ಇದುವರೆಗೆ ಅದು ಅಕ್ಕನ ಹುಚ್ಚಾಗಿತ್ತು. ಈಗ ತನ್ನ ಕೈಕೆಲಸದ ಮೇಲೆ ಒಂದು ಜೀವ ನಿಂತಿದೆ ಎನಿಸಿತು.

ತಿಂಗಳುಗಟ್ಟಲೆ ಕಾಯಿಸಿ ಸಾಮಾನು ಬಂತು. ಜೋಡಿಸುವ ಕೆಲಸಕ್ಕೆ ಡಾಕ್ಟರಮ್ಮ ರಜೆ ಹಾಕಿ ಬಂದು, ಎಣ್ಣೆಯ ಡಬ್ಬಿ ಬೋರಲು ಹಾಕಿಕೊಂಡು ಕೂತರು. ಹಳೆಯ ಎಣ್ಣೆ ಕರ್ರಗೆ ಹರಿದು ಹೊರಬಂತು. ಎರಡೂ ಕಡೆಯ ಆಕ್ಸಲ್ ಎಳೆದು, ಗೂಡಿನಿಂದ ಹಲ್ಲುಚಕ್ರಗಳ ಗುಂಪನ್ನು ಇಳಿಸಿದಾಗ ಅವರು ಅದನ್ನು ಹೊಸದಾಗಿ ಹುಟ್ಟಿದ್ದನ್ನು ಎತ್ತಿಕೊಳ್ಳುವಂತೆ ಎರಡು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮೇಸ್ತ್ರಿಯ ಕೈಯಿಂದ ಜಾರಿ ಒಂದು ವಾಷರ್ ಗೂಡಿನ ಒಳಮೂಲೆ ಸೇರಿತು. ಅವನು ಟಾರ್ಚು ತರಲು ಏಳುವಷ್ಟರಲ್ಲಿ ಡಾಕ್ಟರಮ್ಮ ಆ ಬರಿಯ ಬಲಗೈಯನ್ನು ಒಳಗಿಳಿಸಿ, ಕಣ್ಣನ್ನು ಸೂರಿನ ಕಡೆ ನೆಟ್ಟು, ಬೆರಳಿನಿಂದಲೇ ಹುಡುಕಿ ತೆಗೆದುಕೊಟ್ಟರು. "ಅಡ್ಡ ಮಲಗಿತ್ತು" ಎಂದರು. ಅವನಿಗೆ ನಗು ತಡೆಯಲಾಗಲಿಲ್ಲ.

ದೊಡ್ಡ ಹಲ್ಲುಚಕ್ರವನ್ನು ಹೊಸ ಲಾಕರಿಗೆ ಬಿಗಿದು ಚಿಕ್ಕದರೊಂದಿಗೆ ಕೂಡಿಸುವುದು ಇಡೀ ಕೆಲಸದ ಪ್ರಾಣ. ಹಲ್ಲಿಗೆ ಹಳದಿ ಬಣ್ಣ ಸವರಿ ತಿರುಗಿಸಿದರೆ, ಹಲ್ಲು ಹಲ್ಲನ್ನು ಎಲ್ಲಿ ಮುಟ್ಟುತ್ತದೆಂಬುದು ಗುರುತಾಗಿ ಮೂಡುತ್ತದೆ. ಗುರುತು ನಡುವೆ ಬಿದ್ದರೆ ಗಾಡಿ ಬಾಳುತ್ತದೆ. ಅಂಚಿಗೆ ಬಿದ್ದರೆ ಹಲ್ಲುಗಳು ಒಂದನ್ನೊಂದು ತಿಂದುಹಾಕುತ್ತವೆ. ಮೊದಲ ಸಲ ಅಂಚಿಗೇ ಬಿತ್ತು. ಮೇಸ್ತ್ರಿ ಬಿಚ್ಚಿ, ತೆಳು ತಗಡಿನ ಬಿಲ್ಲೆ ಬದಲಿಸಿ, ಮತ್ತೆ ಕೂಡಿಸಿದ. ಮತ್ತೂ ತುಸು ಅಂಚಿಗೇ. ಡಾಕ್ಟರಮ್ಮನ ಸಹನೆ ತೀರಿತು. ಕುದುರೆಯ ದಿನ ಹತ್ತಿರ ಬರುತ್ತಿತ್ತು.

"ಸಾಕು ಬಿಡೋ. ತಿರುಗ್ತಿದೆಯಲ್ಲ."

"ಎಲ್ಲಿ, ತೋರಿಸು," ಎಂದ ಮೇಸ್ತ್ರಿ, ತಲೆ ಎತ್ತದೆ. "ಗುರುತು ಹಲ್ಲಿನ ನಡುವೆ ಎಲ್ಲಿದೆ, ತೋರಿಸು."

ಜೀವಮಾನದಲ್ಲಿ ಆ ಎರಡು ಪದ ಅವರ ಕಡೆಗೆ ಯಾರಿಂದಲೂ ಬಂದಿರಲಿಲ್ಲ. ಡಾಕ್ಟರಮ್ಮ ಬಗ್ಗಿ ಹಲ್ಲನ್ನು ದಿಟ್ಟಿಸಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ದಿಟ್ಟಿಸಿದರು. ಆಮೇಲೆ, "ಇಲ್ಲ ಕಣೋ. ಬಿಚ್ಚು" ಎಂದು ತಾವೇ ಪಾನಾ ತೆಗೆದು ಅವನ ಕೈಗಿಟ್ಟರು. ಅಂದಿನಿಂದ ಅವನನ್ನು ಅವರು ಇತರರೆದುರು ಮೇಸ್ತ್ರಿ ಎಂದೇ ಕರೆಯತೊಡಗಿದರು ಎಂಬುದನ್ನು ಅವನ ಹೆಂಡತಿ ಮೊದಲು ಗಮನಿಸಿದಳು.

ಗಾಳಿಯ ಕೊಳವೆ ಎಳೆದು, ಹೊಸ ಎಣ್ಣೆ ತುಂಬಿ, ಸ್ವಿಚ್ಚು ಒತ್ತಿದಾಗ ಒಳಗಿನಿಂದ ಟಕ್ ಎಂಬ ಸದ್ದು ಬಂತು. ಜ್ಯಾಕಿನ ಮೇಲಿದ್ದ ಎರಡೂ ಚಕ್ರಗಳು ಒಂದೇ ದಿಕ್ಕಿಗೆ, ಒಂದೇ ಹೆಜ್ಜೆಯಲ್ಲಿ ತಿರುಗಿದವು. ಸಂಭ್ರಮ ಮುಗಿಯುವ ಮೊದಲೇ ಕಂಪ್ರೆಸರು ತನ್ನಷ್ಟಕ್ಕೆ ಮತ್ತೆ ಮತ್ತೆ ಗುರ್ರೆಂದು ಏಳತೊಡಗಿತು. ಎಲ್ಲೋ ಸೋರುತ್ತಿತ್ತು. ಮೇಸ್ತ್ರಿ ಸೋಪುನೀರು ಸವರಿ ಹೊರಗಿನ ಎಲ್ಲ ಕೂಡುಗಳನ್ನೂ ನೋಡಿದ, ಗುಳ್ಳೆ ಏಳಲಿಲ್ಲ. ಆಗ ಡಾಕ್ಟರಮ್ಮ ಸ್ಟೆತಸ್ಕೋಪು ಕಿವಿಗಿಟ್ಟು, ಗಾಡಿಯ ಅಡಿಗೆ ಅಂಗಾತ ತೂರಿ, ಆಕ್ಸಲಿನ ಗೂಡಿನ ಮೇಲೆ ಅಲ್ಲಲ್ಲಿ ಒತ್ತಿ ಕೇಳತೊಡಗಿದರು. ದಾರಿಹೋಕರು ನಿಂತು ನೋಡಿದರು. ಟಯರ್ ಅಂಗಡಿಯವನು ಅಂಗಡಿ ಬಿಟ್ಟು ಬಂದು, ಗಂಡೋ ಹೆಣ್ಣೋ ಎಂದು ಕೇಳಿದ. ಡಾಕ್ಟರಮ್ಮ ಕೈಯೆತ್ತಿ ಅವನ ಬಾಯಿ ಮುಚ್ಚಿಸಿ, ಒಂದು ಕಡೆ ಬೆರಳಿಟ್ಟು, ಇಲ್ಲಿ ಸುಯ್ ಎನ್ನುತ್ತಿದೆ ಎಂದರು. ಬಿಚ್ಚಿ ನೋಡಿದರೆ ಅಲ್ಲಿನ ರಬ್ಬರಿನ ಉಂಗುರ ಕೂಡಿಸುವಾಗ ಮಡಿಸಿಕೊಂಡಿತ್ತು. ಅದನ್ನು ಬದಲಿಸಿದರು. ಬೀಗ ಬಿದ್ದಿರುವುದನ್ನು ನೆನಪಿಸಲು ಮೇಸ್ತ್ರಿ ಕೆಂಪು ದೀಪವೊಂದನ್ನೂ ಪೀಂ ಎನ್ನುವ ಗಂಟೆಯೊಂದನ್ನೂ ಇಟ್ಟ. ಗಂಟೆಗೆ ಕರುಗಳು ಹೆದರುತ್ತವೆಂದು ಅವರು ಅದನ್ನು ಕೀಳಿಸಿದರು, ದೀಪವನ್ನು ಉಳಿಸಿಕೊಂಡರು.

ಕರೆ ಬಂದದ್ದು ಒಂದು ಬೆಳಗಿನ ಜಾವ. ಮೇಸ್ತ್ರಿ ಕರೆಯದಿದ್ದರೂ ಪಕ್ಕದ ಸೀಟಿನಲ್ಲಿ ಬಂದು ಕೂತ. ಪಾನಾ, ಹಗ್ಗ, ಗುದ್ದಲಿ, ಎರಡು ಹಲಗೆ, ಒಂದು ಅಡ್ವಾನ್ಸ್ ಕ್ಷಮಾಪಣೆ, ಎಲ್ಲವನ್ನೂ ಸಿದ್ಧಪಡಿಸಿಕೊಂಡಿದ್ದ. ತೊರೆ ಬಂತು. ಡಾಕ್ಟರಮ್ಮ ಗಾಡಿ ನಿಲ್ಲಿಸಿ, ಕೆಳಗಿಳಿದು ಟಯರುಗಳ ಗಾಳಿ ತುಸು ಇಳಿಸಿ, ಮತ್ತೆ ಹತ್ತಿ ಸ್ವಿಚ್ಚು ಒತ್ತಿದರು. ಟಕ್ ಎಂದಿತು. ಕೋಣ ನಿಧಾನವಾಗಿ ನೀರಿಗಿಳಿಯಿತು. ಏರುವ ತಿರುವಿನಲ್ಲಿ ಅಂದಿನಂತೆಯೇ ಅಡ್ಡಡ್ಡ ವಾಲಿತು, ಅಂದಿನಂತೆಯೇ ಹಿಂದಿನ ಒಂದು ಚಕ್ರ ನೆಲ ಬಿಟ್ಟಿತು. ಮೇಸ್ತ್ರಿ ಹಗ್ಗಕ್ಕೆ ಕೈ ಹಾಕಿದ. ಬಂಡೆಯ ಮೇಲಿದ್ದ ಚಕ್ರ ಯಾವ ಗಡಿಬಿಡಿಯೂ ಇಲ್ಲದೆ ಹಲ್ಲು ಕಚ್ಚಿ ಉರುಳಿತು, ಗಾಡಿ ಮುಂದೆ ಬಂತು, ಎದ್ದ ಚಕ್ರ ನೆಲಕ್ಕಿಳಿಯಿತು. ಅಷ್ಟೇ. ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತಿನ ಕೆಲಸ. ಇಷ್ಟು ತಿಂಗಳ ಕಸರತ್ತಿಗೆ ಇನ್ನಷ್ಟು ಆರ್ಭಟ ಇರಬೇಕಿತ್ತೆಂದು ಅವನಿಗೆ ಒಳಗೊಳಗೇ ನಿರಾಸೆಯಾಯಿತು.

ಡಾಕ್ಟರಮ್ಮ ಏರಿನ ಮೇಲೆ ಗಾಡಿ ನಿಲ್ಲಿಸಿ, ಬೀಗ ತೆಗೆದರು. ದೀಪ ಆರಿತು. ಸ್ಟೀರಿಂಗಿನ ಮೇಲೆ ಕೈಯಿಟ್ಟು, ತಿರುಗಿ ತೊರೆಯನ್ನು ನೋಡಿದರು.

"ಇಷ್ಟೇನಾ?"

"ಇಷ್ಟೇ ಅಕ್ಕ."

ಅವರು ಕೋಟಿನ ಎಡತೋಳಿನಿಂದ ಕಣ್ಣೊರೆಸಿಕೊಂಡರು. ಆ ಮರಿಗೂ ಬದುಕಿಗೂ ನಡುವೆ ಇದ್ದ ಅಂತರ ಇಷ್ಟೇ ಆಗಿತ್ತೆಂಬುದು ಮೇಸ್ತ್ರಿಗೆ ಆಗ ಹೊಳೆಯಿತು. ಇಷ್ಟು ದಿನ ಅಕ್ಕ ಹೊತ್ತು ತಿರುಗುತ್ತಿದ್ದುದು ಏನನ್ನು ಎಂಬುದೂ. ಅವನು ಕಿಟಕಿಯಾಚೆ ನೋಡುತ್ತಾ ಕೂತ. ಗಾಡಿ ಮತ್ತೆ ಹೊರಟಿತು.

ಮರಿಯ ಒಂದು ಮುಂಗಾಲು ಒಳಗೆ ಮಡಿಸಿಕೊಂಡಿತ್ತು. ಡಾಕ್ಟರಮ್ಮ ಒಣಹುಲ್ಲಿನ ಮೇಲೆ ಮಂಡಿಯೂರಿ, ಕೈ ಇಳಿಸಿ, ಕಣ್ಣು ಮುಚ್ಚಿ, ಅದನ್ನು ತಳ್ಳಿ, ತಿರುಗಿಸಿ, ಎಳೆದು ನೇರ ಮಾಡಿದರು. ದೊಡ್ಡ ದೊಡ್ಡ ಗೇರ್‌ಬಾಕ್ಸುಗಳ ಕರುಳು ಬಗೆದಿದ್ದ ಮೇಸ್ತ್ರಿ ಇದನ್ನು ಅರ್ಧ ನೋಡಿ, ಹೊರಗೆ ಹೋಗಿ ಗೋಡೆಗೊರಗಿ ಕೂತುಬಿಟ್ಟ. ಕುದುರೆ ಅಜ್ಜಿ ಬಂದು, ಒಳಗಿರುವುದಕ್ಕೂ ಹೊರಗಿರುವುದಕ್ಕೂ ಒಟ್ಟಿಗೇ ನೀರು ಕೊಡಬೇಕಾಯಿತಲ್ಲ ಎನ್ನುತ್ತಾ ಅವನ ಕೈಗೊಂದು ಲೋಟವಿಟ್ಟಳು. ಅವನು ನೀರು ಕುಡಿದು ಮತ್ತೆ ಒಳಗಿಣುಕುವಾಗ, ಒದ್ದೆಯಾದ, ಉದ್ದ ಕಾಲಿನ ಒಂದು ಪ್ರಾಣಿ ತನ್ನ ಕಾಲುಗಳನ್ನು ಎಲ್ಲೆಲ್ಲಿ ಇಡಬೇಕೆಂದು ಯೋಚಿಸುತ್ತಿತ್ತು. ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು, ಬಿತ್ತು, ಎದ್ದಿತು, ಮತ್ತೆ ಬಿತ್ತು. ಅಜ್ಜಿ ಡಾಕ್ಟರಮ್ಮನ ಕೆನ್ನೆ ಸವರಿ, ಮರಿ ನಿಂತದ್ದನ್ನು ನೋಡಿದ ಮೇಲೆಯೇ ಅಳಲು ಕೂತಳು.

ಲೋಕದಲ್ಲಿ ಈ ಬಗೆಯ ಜನ ಕೆಲವರಿದ್ದಾರೆ. ನಮ್ಮ ನಿಮ್ಮಂಥವರಲ್ಲಿ ಪಶ್ಚಾತ್ತಾಪ ಎದೆಯಲ್ಲಿ ಇಳಿದು ಅಲ್ಲೇ ಹೆಪ್ಪುಗಟ್ಟುತ್ತದೆ, ನೆನೆದಾಗ ಒಂದು ನಿಟ್ಟುಸಿರಾಗುತ್ತದೆ. ಅವರಲ್ಲಿ ಅದು ನೇರ ಕೈಗೆ ಇಳಿಯುತ್ತದೆ. ಅವರು ಗಾಡಿಯಡಿ ಅಂಗಾತ ಮಲಗಿರುವುದನ್ನು, ರಬ್ಬರಿನ ಉಂಗುರವೊಂದಕ್ಕಾಗಿ ಪೇಟೆಯೆಲ್ಲ ಅಲೆಯುವುದನ್ನು, ತಮ್ಮಂದಿರ ತಲೆ ತಿನ್ನುವುದನ್ನು ಕಂಡು ನಾವು ಇದೊಂದು ಹುಚ್ಚು ಎಂದು ನಕ್ಕು ಮುಂದೆ ಹೋಗುತ್ತೇವೆ. ಯಾವ ಬಾಗಿಲಿಗೆ ತಡವಾಗಿ ತಲುಪಿದ್ದರಿಂದ ಈ ಹುಚ್ಚು ಹಿಡಿಯಿತೆಂದು ಅವರು ಹೇಳುವುದಿಲ್ಲ, ನಮಗೆ ಕೇಳಲು ತೋಚುವುದಿಲ್ಲ. ಅಂಥವರ ಪಕ್ಕದಲ್ಲಿ ಕೂತವರ ಮೈ ಕುಲುಕಿ ಕುಲುಕಿ ಹಣ್ಣಾಗುವುದು ನಿಜ. ಆದರೆ ಮುಂದಿನ ಸಲ ಅವರು ತಲುಪುತ್ತಾರೆ, ಜೊತೆಗಿದ್ದವರನ್ನೂ ತಲುಪಿಸುತ್ತಾರೆ.